ಬೆಟ್ಟದ ನೆತ್ತಿಯ ಹಕ್ಕಿ ಬುಡಕ್ಕೇಕೆ ಇಳಿಯದು?

ಪ್ರಶ್ನೆ: ನಂದಿಬೆಟ್ಟದ ಮೇಲೆ ಕಾಣುವ ಕೆಲವು ಹಕ್ಕಿಗಳು ಬುಡದಲ್ಲಿರುವ ನಮ್ಮೂರಿನ ಹೊಲ, ತೋಟಗಳಲ್ಲಿ ಕಾಣುವುದೇ ಇಲ್ಲ. ಇಷ್ಟು ಹತ್ತಿರದಲ್ಲೇ ಇಂಥ ವ್ಯತ್ಯಾಸವೇಕೆ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ನೆಲದ ಮೇಲೆ ಅಂತರ ಕಡಿಮೆಯಾದರೂ ಹವೆಯಲ್ಲಿ ಅದು ದೊಡ್ಡದು. ಪ್ರತಿ 1000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ನಂದಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 1478 ಮೀಟರ್ ಎತ್ತರದಲ್ಲಿದ್ದು, ಮಂಜು ಕವಿಯುವ ಅದರ ನೆತ್ತಿಯ ದಟ್ಟ ಮರಗಳ ನಡುವೆ ತಂಪೂ ತೇವವೂ ಉಳಿಯುತ್ತವೆ. ಪಶ್ಚಿಮ ಘಟ್ಟದ ನಿವಾಸಿಯಾದ ನೀಲಗಿರಿ ಕಾಡುಪಾರಿವಾಳ, ನಡುವಿನ ಬಯಲುಸೀಮೆಯನ್ನು ಬಿಟ್ಟು ಇಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಒಣಬಯಲಿನ ನಡುವೆ ಇಂಥ ಬೆಟ್ಟಗಳು ದ್ವೀಪಗಳಿದ್ದಂತೆ. ಹವೆ ಬಿಸಿಯಾದಾಗ ಜೀವಿಗಳು ಮೇಲಕ್ಕೆ ಸರಿಯಬಹುದು. ಆದರೆ ನೆತ್ತಿಯಲ್ಲೇ ಇರುವ ಜೀವಿಗೆ ಅಲ್ಲಿಂದ ಮೇಲೇರಲು ಜಾಗವಿಲ್ಲ.

ಎತ್ತರವೊಂದೇ ಕಾರಣವೆಂದು ತಿಳಿಯಬೇಡಿ. ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಹಕ್ಕಿಗೆ ಬೇಕಾದುದು ಹೆಬ್ಬಂಡೆಗಳೂ ಅವುಗಳ ಸಂದಿನ ಕುರುಚಲು ಪೊದೆಗಳೂ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಲ್ಲದೆ ಅದು ಬೇರೆಲ್ಲೂ ಇಲ್ಲ. ಕಲ್ಲುಗಣಿಗೆ ಹೋದ ಗುಡ್ಡದಲ್ಲಿ ಎಷ್ಟು ಗಿಡ ನೆಟ್ಟರೂ ಅದರ ನೆಲೆ ಮರಳದು. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಮೀಸಲು ಪ್ರದೇಶದ ಕೃಷ್ಣಮೃಗಗಳಿಗಂತೂ ಬೇಕಾದುದು ಬಯಲು ಹುಲ್ಲುಗಾವಲು. ಅಂಥ ನೆಲವನ್ನು ಬಂಜರೆಂದು ಕರೆದು ನೀಲಗಿರಿ, ಅಕೇಶಿಯಾ ತುಂಬುವುದು ಹಸಿರೀಕರಣವಲ್ಲ, ದೂರದಿಂದ ಕಂಡ ಅಪಾಯವನ್ನು ಓಡಿ ತಪ್ಪಿಸಿಕೊಳ್ಳುವ ಪ್ರಾಣಿಯ ಕಣ್ಣಿಗೆ ಅಡ್ಡಗೋಡೆ ಕಟ್ಟುವುದು.