ನೇಪಾಳದ ಬಾಗಿದ ಕತ್ತಿಯಾದ ಖುಕುರಿಯ ಹಿಡಿ ಸಡಿಲವಾಗಿದೆ, ಅಂಗೈಗೂ ಒತ್ತುತ್ತದೆ. ಸರಿಪಡಿಸುವುದು ಹೇಗೆ?

ಮೊದಲು ಹಿಡಿಯ ರಚನೆಯನ್ನು ಗಮನಿಸಬೇಕು. ನೇಪಾಳದ ಕಾಮಿ ಸಮುದಾಯದ ಕಮ್ಮಾರರು ಸಾಮಾನ್ಯವಾಗಿ ಶೀಶಮ್ ಮರ ಅಥವಾ ಎಮ್ಮೆಯ ಕೊಂಬಿನಿಂದ ಹಿಡಿಯನ್ನು ಮಾಡಿ, ಅದರ ರಂಧ್ರದೊಳಗೆ ಅಲಗಿನ ಬಾಲವನ್ನು (ಹಿಡಿಯೊಳಗೆ ಹೋಗುವ ಕಿರಿದಾದ ಭಾಗವನ್ನು) 'ಲಾಹಾ' ಎಂಬ ಅರಗಿನ ಅಂಟಿನಿಂದ ಕೂರಿಸುತ್ತಾರೆ. 'ಪಾನವಾಲ್' ಎಂಬ ಇನ್ನೊಂದು ಬಗೆಯಲ್ಲಿ ಹಿಡಿಯ ಎರಡು ಹೋಳುಗಳ ನಡುವೆ ಉಕ್ಕು ಹೊರಗೆ ಕಾಣುತ್ತದೆ. ಅಲ್ಲಿ ರಿವಿಟ್‌ಗಳೂ ಇರುತ್ತವೆ.

ಅರಗು ಬಿಸಿಗೆ ಮೆತ್ತಗಾಗುವುದರಿಂದ ಖುಕುರಿಯನ್ನು ಬಿಸಿನೀರಿನಲ್ಲಿ ತೊಳೆಯುವುದಾಗಲಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡುವುದಾಗಲಿ ಒಳ್ಳೆಯದಲ್ಲ. ಆದರೆ ಇದೇ ಗುಣ ದುರಸ್ತಿಗೆ ಅನುಕೂಲ: ಬಾಲದ ಕೊನೆಯನ್ನು ಹಿಡಿಯ ತುದಿಯಲ್ಲಿ ಬಡಿದು ಬಿಗಿಗೊಳಿಸಿರದಿದ್ದರೆ, ಹಿಡಿಯನ್ನು ನಿಧಾನವಾಗಿ ಬಿಸಿ ಮಾಡಿ ಕಳಚಿ, ಹಳೆಯ ಅಂಟನ್ನು ಕೆರೆದು, ಹೊಸದಾಗಿ ಕೂರಿಸಬಹುದು. ಎಪಾಕ್ಸಿ ಎಂಬ ಕೃತಕ ಅಂಟೂ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಮುಂದೆ ಬಿಚ್ಚುವುದು ಕಷ್ಟವಾದ್ದರಿಂದ ಹಳೆಯ ಖುಕುರಿಗೆ ನಾನು ಅರಗನ್ನೇ ಆರಿಸುತ್ತೇನೆ. ಈ ಕೆಲಸದುದ್ದಕ್ಕೂ ಅಲಗಿಗೆ ದಪ್ಪ ಬಟ್ಟೆ ಸುತ್ತಿರಲಿ.

ಅಂಗೈಗೆ ಒತ್ತುವುದು ಹೆಚ್ಚಾಗಿ ಹಿಡಿಯ ನಡುವಿನ ಉಬ್ಬು ಬಳೆ ಅಥವಾ ಅಗಲವಾದ ತುದಿಯ ಅಂಚು. ಬಳೆಯನ್ನು ಪೂರ್ತಿ ಸವೆಸದೆ, ಸಣ್ಣ ಅರದಿಂದ ಅಂಚನ್ನಷ್ಟೇ ದುಂಡಗೆ ಮಾಡಿ, ಆಗಾಗ ಹಿಡಿದು ನೋಡುತ್ತ ಉಜ್ಜುಕಾಗದದಿಂದ ನಯಗೊಳಿಸಿ. ಕೊಂಬಾದರೆ ಧೂಳು ಉಸಿರಿಗೆ ಸೇರದಂತೆ ಮಾಸ್ಕ್ ಧರಿಸಿ. ಮರಕ್ಕೆ ಕೊನೆಯಲ್ಲಿ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಬಾರಿ ಸವರಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ.