ಸೈಕಲ್ಲಿನ ಹಳೆಯ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ನಳಿಕೆ ಗಿಡ್ಡವಾಗಿದೆ, ಸ್ಟೆಮ್ಮಿನ (ಹ್ಯಾಂಡಲನ್ನು ಆ ನಳಿಕೆಗೆ ಬಿಗಿಯುವ ತುಂಡಿನ) ಅರ್ಧಕ್ಕಷ್ಟೇ ಬರುತ್ತದೆ. ಯಾವ ಸ್ಟೆಮ್, ಯಾವ ಹೆಡ್‌ಸೆಟ್ (ಫೋರ್ಕ್ ತಿರುಗಲು ಇರುವ ಬೇರಿಂಗ್ ಜೋಡಣೆ) ಹಾಕಿದರೆ ಸರಿಹೋಗುತ್ತದೆ?

ಸ್ಟೆಮ್ ಹುಡುಕುವುದನ್ನು ಬಿಡಿ, ಬೇರೆ ಫೋರ್ಕ್ ಹುಡುಕಿ. ‘ಅರ್ಧಕ್ಕೆ ಬಂದರೂ ಗಟ್ಟಿಯಾಗಿ ಕೂತಿದೆ, ಅಲ್ಲಾಡುತ್ತಿಲ್ಲ’ ಎಂದು ಬರೆದಿದ್ದೀರಲ್ಲ, ಆ ಒಂದು ಸಾಲಿಗಾಗಿಯೇ ಈ ಉತ್ತರ ಬರೆಯುತ್ತಿದ್ದೇನೆ. ನನ್ನದೂ ಗಟ್ಟಿಯಾಗಿಯೇ ಕೂತಿತ್ತು.

ನಾನು ಬೆಳಗಾವಿಯವನು. ಫ್ರೇಮ್ ಒಬ್ಬರಿಂದ, ಫೋರ್ಕ್ ಇನ್ನೊಬ್ಬರಿಂದ ಕೊಂಡು ರೇಸಿಂಗ್ ಸೈಕಲ್ ಕಟ್ಟಿಕೊಂಡೆ. ನಮ್ಮ ಭಾಗದಲ್ಲಿ ಇದು ಸಹಜ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ಅವರು ಬಳಸಿ ಬಿಟ್ಟ ಒಳ್ಳೆಯ ಬಿಡಿಭಾಗಗಳು ಕೈಯಿಂದ ಕೈಗೆ ಬರುತ್ತವೆ. ಆದರೆ ರೇಸಿನವರು ಹ್ಯಾಂಡಲ್ ತಗ್ಗಿನಲ್ಲಿರಲಿ ಎಂದು ನಳಿಕೆಯನ್ನು ಸ್ಟೆಮ್ಮಿನ ಮಟ್ಟಕ್ಕೇ ಕತ್ತರಿಸಿರುತ್ತಾರೆ. ಚಿಕ್ಕ ಫ್ರೇಮಿಗೆ ಕತ್ತರಿಸಿದ ಫೋರ್ಕ್ ದೊಡ್ಡ ಫ್ರೇಮಿಗೆ ಬಂದಾಗ ನಿಮಗಾಗಿರುವುದೇ ಆಗುತ್ತದೆ.

ನನ್ನ ಲೆಕ್ಕ ಹೀಗಿತ್ತು. ನಳಿಕೆ ಹಾದುಹೋಗುವ ಫ್ರೇಮಿನ ಮುಂದಿನ ಕೊಳವೆ, ಅಂದರೆ ಹೆಡ್ ಟ್ಯೂಬ್, 130 ಮಿ.ಮೀ. ಹೊರಗೆ ಕಾಣುವ ಬಟ್ಟಲುಗಳ ಹೆಡ್‌ಸೆಟ್ ಕೆಳಗೂ ಮೇಲೂ ಸೇರಿ 27 ಮಿ.ಮೀ. ಸ್ಟೆಮ್ ನಳಿಕೆಯನ್ನು ಹಿಡಿಯುವ ಭಾಗ 40 ಮಿ.ಮೀ. ಒಟ್ಟು 197. ಮೇಲಿನ ಮುಚ್ಚಳ ಬೇರಿಂಗನ್ನು ಒತ್ತಲು ಜಾಗ ಬೇಕಾದ್ದರಿಂದ ನಳಿಕೆ ಸ್ಟೆಮ್ಮಿನ ಅಂಚಿಗಿಂತ 3 ಮಿ.ಮೀ. ಕೆಳಗಿರಬೇಕು, ಅಂದರೆ 194. ನನ್ನ ಫೋರ್ಕಿನದು ಇದ್ದದ್ದು 178. ಸ್ಟೆಮ್ಮಿನ 40 ಮಿ.ಮೀ.ನಲ್ಲಿ ನಳಿಕೆ ತುಂಬಿದ್ದು 21 ಮಾತ್ರ.

ಇಷ್ಟು ಗೊತ್ತಿದ್ದೂ ನಾನು ಸವಾರಿ ಮಾಡಿದ್ದು ಏಕೆ ಎನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವು ನಿಂತಿರುವುದೂ ಅದೇ ಜಾಗದಲ್ಲಿ. ಮೇಲಿನ ಮುಚ್ಚಳದ ಬೋಲ್ಟ್ ಬಿಗಿದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ನೂಕಿ ನೋಡಿದೆ. ಎಲ್ಲಿಯೂ ಸಡಿಲವಿಲ್ಲ, ಹ್ಯಾಂಡಲ್ ನುಣ್ಣಗೆ ತಿರುಗುತ್ತಿತ್ತು. ಅದಕ್ಕೇ ಎಲ್ಲವೂ ಸರಿ ಎಂದುಕೊಂಡೆ. ಆದರೆ ಆ ಪರೀಕ್ಷೆ ಹೇಳುವುದು ಬೇರಿಂಗಿನ ಸುದ್ದಿಯನ್ನು ಮಾತ್ರ. ಮುಚ್ಚಳದ ಬೋಲ್ಟಿನ ಕೆಲಸ ಬೇರಿಂಗನ್ನು ಹದವಾಗಿ ಒತ್ತುವುದು, ಅಷ್ಟೇ. ನಳಿಕೆ ಗಿಡ್ಡವಿದ್ದಷ್ಟೂ ಅದು ಸಲೀಸಾಗಿ ಒತ್ತುತ್ತದೆ. ಹ್ಯಾಂಡಲನ್ನು ಚಕ್ರಕ್ಕೆ ಕಟ್ಟಿಹಾಕುವುದು ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟುಗಳು. ನನ್ನ ಸ್ಟೆಮ್ಮಿನಲ್ಲಿ ಕೆಳಗಿನದರ ಹಿಂದೆ ನಳಿಕೆ ಇತ್ತು, ಮೇಲಿನದರ ಹಿಂದೆ ಬರೀ ಗಾಳಿ. ಟಾರ್ಕ್ ಪಾನಾ 5 ನ್ಯೂಟನ್ ಮೀಟರಿಗೆ ‘ಟಕ್’ ಎಂದಿತು, ಎರಡಕ್ಕೂ. ಬೋಲ್ಟ್ ಎಷ್ಟು ಬಿಗಿಯಾಗಿದೆ ಎಂದು ಪಾನಾ ಹೇಳುತ್ತದೆಯೇ ಹೊರತು ಯಾವುದನ್ನು ಹಿಡಿದಿದೆ ಎಂದು ಹೇಳುವುದಿಲ್ಲ. ಮೇಲಿನ ಬೋಲ್ಟ್ ಖಾಲಿ ಜಾಗದಲ್ಲಿ ಸ್ಟೆಮ್ಮಿನ ಸೀಳನ್ನು ಮುಚ್ಚುತ್ತಾ ಹೋಯಿತು. ಸ್ಟೆಮ್ಮಿನ ಗೋಡೆ ಒಳಕ್ಕೆ ಬಾಗಿ, ಕತ್ತರಿಸಿದ ನಳಿಕೆಯ ಅಂಚಿನ ಮೇಲೆ ಕೂತಿತು. ಸುತ್ತಲೂ ಸಮನಾಗಿ ಅಪ್ಪಿ ಹಿಡಿಯಬೇಕಾದದ್ದು ಒಂದು ಗೆರೆಯ ಮೇಲೆ ನಿಂತಿತ್ತು.

ಊರೊಳಗೆ ಏನೂ ಆಗಲಿಲ್ಲ. ವಂಟಮೂರಿ ಘಾಟಿನ ಇಳಿಜಾರಿನಲ್ಲಿ ಚಕ್ರ ಒಂದು ತಗ್ಗಿಗೆ ಬಡಿಯಿತು; ಹ್ಯಾಂಡಲ್ ಎಡಕ್ಕೆ ತಿರುಗಿತು, ಚಕ್ರ ನೇರವಾಗಿಯೇ ಓಡಿತು. ಕಾಲರ್‌ಬೋನ್ ಮುರಿಯಿತು, ಆ ವರ್ಷದ ರೇಸುಗಳೆಲ್ಲ ಹೋದವು. ಆಮೇಲೆ ಬಿಚ್ಚಿ ನೋಡಿದಾಗ ಸ್ಟೆಮ್ಮಿನ ಸೀಳಿನ ಬುಡದಲ್ಲಿ ಬಿರುಕಿತ್ತು, ಅಲ್ಯೂಮಿನಿಯಂ ನಳಿಕೆಯ ಅಂಚಿನಲ್ಲಿ ಕಚ್ಚು ಬಿದ್ದಿತ್ತು. ಹಿಂದೆ ಲಾರಿ ಇರಲಿಲ್ಲ ಎಂಬುದೊಂದೇ ನನ್ನ ಪುಣ್ಯ.

ನೀವು ಕೇಳಿದ ದಾರಿಗಳಿಗೆ ಬರುತ್ತೇನೆ. ಹಿಡಿಯುವ ಭಾಗ ಕಡಿಮೆ ಎತ್ತರವಿರುವ ಸ್ಟೆಮ್‌ಗಳು ಸಿಗುತ್ತವೆ, ಸ್ಟೆಮ್ಮಿನ ಕೆಳಗೆ ಕೂರುವ ಹೆಡ್‌ಸೆಟ್ಟಿನ ಹೊದಿಕೆಯಲ್ಲೂ ಎತ್ತರದ್ದು, ತಗ್ಗಿನದು ಎಂದು ಇವೆ. ಕೊರತೆ ಐದಾರು ಮಿ.ಮೀ. ಇದ್ದರೆ ಇವೆರಡರಿಂದ ತುಂಬಬಹುದು. ನಳಿಕೆ ಸ್ಟೆಮ್ಮಿನ ಪೂರ್ತಿ ಎತ್ತರಕ್ಕೆ ಬರಬೇಕು, ಆ 3 ಮಿ.ಮೀ. ಬಿಟ್ಟು. ಬಟ್ಟಲನ್ನು ಒಳಗೇ ಅಡಗಿಸುವ ಹೆಡ್‌ಸೆಟ್ ಹಾಕಿದರೆ ಇನ್ನಷ್ಟು ಉಳಿಯುತ್ತದೆ, ಆದರೆ ಅದಕ್ಕೆ ಹೆಡ್ ಟ್ಯೂಬಿನ ಒಳವ್ಯಾಸ 44 ಮಿ.ಮೀ. ಇರಬೇಕು. ನಿಮ್ಮದು 34 ಇದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಅರ್ಧ ಸ್ಟೆಮ್ಮಿನಷ್ಟು ಕೊರತೆಯನ್ನು ಮೊದಲ ಎರಡು ಉಪಾಯಗಳು ಸಾಮಾನ್ಯವಾಗಿ ತುಂಬುವುದಿಲ್ಲ.

ನಳಿಕೆಯನ್ನು ಉದ್ದ ಮಾಡುವ ಎಕ್ಸ್‌ಟೆಂಡರ್ ಬೇಡವೇ ಬೇಡ. ಹೊರಗಿನಿಂದ ಹಿಡಿಯುವ ಎಕ್ಸ್‌ಟೆಂಡರಿಗೂ ಸ್ಟೆಮ್ಮಿನಷ್ಟೇ ನಳಿಕೆ ಬೇಕು. ಸ್ಟೆಮ್ಮಿಗೇ ಸಾಲದ ನಳಿಕೆ ಅದಕ್ಕೆ ಎಲ್ಲಿಂದ ಬರಬೇಕು? ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್‌ಗಳಲ್ಲಿ ಎಂಥ ಕೆಲಸವನ್ನೂ ಚೊಕ್ಕಟವಾಗಿ ಮಾಡಿಕೊಡುತ್ತಾರೆ, ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗೆಂದು ಸ್ಟೆಮ್ಮನ್ನು ತರಿದು ಗಿಡ್ಡ ಮಾಡಿಸುವುದಾಗಲಿ, ನಳಿಕೆಗೆ ತುಂಡು ಬೆಸೆಯಿಸುವುದಾಗಲಿ ಮಾಡಬೇಡಿ. ಬ್ರೇಕ್ ಹಿಡಿದಾಗಲೆಲ್ಲ ನಿಮ್ಮ ಭಾರ ಬಂದು ಬೀಳುವ ಜಾಗ ಅದು. (ಮನೆಯ ಹಳೆಯ ಕರಿ ಸೈಕಲ್ಲಿನ ವಿಷಯ ಬೇರೆ. ಅಲ್ಲಿ ಸ್ಟೆಮ್ ನಳಿಕೆಯ ಒಳಗಿಳಿದು ಬೆಣೆಯಿಂದ ಬಿಗಿಯುತ್ತದೆ, ನಳಿಕೆಗೆ ತಿರುಪಿನ ಮರೆ (ಥ್ರೆಡ್) ಇರುತ್ತದೆ. ಅದರ ಲೆಕ್ಕವನ್ನು ಇದಕ್ಕೆ ಹಚ್ಚಬೇಡಿ.)

ಫೋರ್ಕ್ ಕೊಳ್ಳುವಾಗ ಮಾರುವವರಿಂದ ಅಳತೆ ಕೇಳಿ: ಕೆಳಗಿನ ಬೇರಿಂಗ್ ಕೂರುವ ಮೆಟ್ಟಿಲಿನಿಂದ ನಳಿಕೆಯ ತುದಿಯವರೆಗೆ. ‘ಸಾಕಷ್ಟು ಉದ್ದವಿದೆ’ ಎಂಬ ಉತ್ತರಕ್ಕೆ ದುಡ್ಡು ಕೊಡಬೇಡಿ. ಟೇಪ್ ಹಿಡಿದ ಫೋಟೋ ತರಿಸಿಕೊಳ್ಳಿ. ವ್ಯಾಸ 28.6 ಮಿ.ಮೀ. ಇದೆಯೇ, ನಿಮ್ಮ ಹೆಡ್‌ಸೆಟ್ಟಿಗೆ ಅದೇ ಬೇಕೇ ಎಂದೂ ನೋಡಿ. ನಳಿಕೆ ಕಾರ್ಬನ್ನಿನದಾದರೆ ಮುಚ್ಚಳದ ಬೋಲ್ಟ್ ಕಚ್ಚಿಕೊಳ್ಳಲು ಒಳಗೆ ನಕ್ಷತ್ರದಾಕಾರದ ನಟ್ ಹೊಡೆಯಬಾರದು, ಹಿಗ್ಗುವ ಪ್ಲಗ್ ಹಾಕಬೇಕು. ಹೊಸ ಫೋರ್ಕ್ ಉದ್ದವಾಗಿ ಬಂದರೆ ಅಂಗಡಿಯವರು ಅಲ್ಲೇ ಕತ್ತರಿಸಿ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಸ್ಟೆಮ್ಮಿನ ಕೆಳಗೂ ಮೇಲೂ ಸ್ಪೇಸರ್ ಬಳೆಗಳನ್ನು ಹಾಕಿಸಿ ಕೆಲವು ವಾರ ಓಡಿಸಿ. ಹ್ಯಾಂಡಲ್ ಯಾವ ಎತ್ತರಕ್ಕೆ ಬೆನ್ನಿಗೆ ಹಿತವೆಂದು ತಿಳಿದ ನಂತರ ಸ್ಟೆಮ್ಮಿನ ಮೇಲೆ ಉಳಿದಷ್ಟನ್ನು ಮಾತ್ರ ಕತ್ತರಿಸಿ.