ಕನಸಿಗೂ ಕ್ರ್ಯಾಂಕ್‌ಶಾಫ್ಟ್ ಬೇಕು, ಮೇಷ್ಟ್ರೇ

ಚಳ್ಳಕೆರೆಯ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ವಿಮಾನದ ಲೇಖನದಲ್ಲಿ ರೈಟ್ ಸಹೋದರರಿಗಿಂತ ಅವರ ಮೆಕ್ಯಾನಿಕ್ಕಿಗೇ ಹೆಚ್ಚು ಜಾಗ. ಮಕ್ಕಳಿಗೆ ಬೇಕಾದ್ದು ಕನಸು, ನಟ್ಟು ಬೋಲ್ಟಲ್ಲ."

ಒಪ್ಪಿದೆ. ರೆಕ್ಕೆಯನ್ನೇ ತಿರುಚಿ ವಿಮಾನವನ್ನು ಹತೋಟಿಗೆ ತರುವ ಉಪಾಯ ಆ ಅಣ್ಣತಮ್ಮಂದಿರದು. 1903ರ ಡಿಸೆಂಬರ್ 17ರಂದು ಜೀವ ಒತ್ತೆಯಿಟ್ಟು 12 ಸೆಕೆಂಡು ಹಾರಿದ್ದು ಆರ್ವಿಲ್. ಆಯಿತಲ್ಲ?

ಈಗ ನನ್ನ ಮಾತು ಕೇಳಿ. ಹಗುರ ಎಂಜಿನ್ನಿಗಾಗಿ ಅವರು ಕಂಪನಿಗಳಿಗೆ ಕಾಗದ ಬರೆದು ಸೋತರು. ಕೊನೆಗೆ ಕೈಹಚ್ಚಿದ್ದು ಅವರದೇ ಸೈಕಲ್ ಅಂಗಡಿಯ ಚಾರ್ಲಿ ಟೇಲರ್. ನೆಟ್ಟಗೊಂದು ನಕ್ಷೆಯಿಲ್ಲ, ಚೀಟಿಯ ಮೇಲೆ ಗೀಚಿದ್ದಷ್ಟೇ. ಉಕ್ಕಿನ ದಪ್ಪ ತುಂಡಿನ ಮೇಲೆ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್ನಿನ ಹಿಂದುಮುಂದಿನ ಓಟವನ್ನು ತಿರುಗಾಟವಾಗಿಸುವ ಡೊಂಕು ದಂಡದ, ಆಕಾರ ಬರೆದು, ಗೆರೆಗುಂಟ ಸಾಲಾಗಿ ತೂತು ಕೊರೆದು, ಬೇಡದ ಉಕ್ಕನ್ನು ಉಳಿ ಸುತ್ತಿಗೆಯಿಂದ ಉದುರಿಸಿ, ಆಮೇಲೆ ಲೋಹ ಕಡೆಯುವ ಲೇತಿಗೆ ಹಾಕಿದ. ಆರೇ ವಾರದಲ್ಲಿ ಎಂಜಿನ್ ಸಿದ್ಧ. 1956ರಲ್ಲಿ ಆತ ಸತ್ತದ್ದು ಧರ್ಮಾಸ್ಪತ್ರೆಯ ವಾರ್ಡಿನಲ್ಲಿ.

ನನ್ನ ಸೋದರಮಾವ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಿದ್ದ. "ಇದು ಅಮಾಸೆ ದಾಟಲ್ಲ" ಅನ್ನುತ್ತಿದ್ದ. ದಾಟುತ್ತಿರಲಿಲ್ಲ. ಗಿರಣಿಯ ಗ್ರೂಪ್ ಫೋಟೋದಲ್ಲಿ ಮಾತ್ರ ಅವನನ್ನು ಹುಡುಕಬೇಡಿ.

ಕನಸೊಂದೇ ಸಾಕೆನ್ನುವವರು ನಮ್ಮ ಬೆಂಗಳೂರಿನ ಮಾರುತ್ ಕಡೆ ನೋಡಲಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ರೂಪಿಸಿದ ಯುದ್ಧವಿಮಾನ, ಮೊದಲು ಹಾರಿದ್ದು 1961ರ ಜೂನ್ 17ರಂದು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹೊರಟದ್ದು, ತಕ್ಕ ಎಂಜಿನ್ ಕಡೆಗೂ ದಕ್ಕಲಿಲ್ಲ. ಹೋರಿಯ ಮೈಗೆ ಕರುವಿನ ಕಾಲು.

ಇನ್ನು ನಿಮ್ಮ ಚಳ್ಳಕೆರೆಯದೇ ಸಂಗತಿ. 2023ರ ಏಪ್ರಿಲ್ 2ರ ಬೆಳಗ್ಗೆ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನೇ ದಾರಿ ಹಿಡಿದು ಅಲ್ಲಿಯ ರನ್‌ವೇಗೆ ಇಳಿಯಿತು. ಒಳಗೆ ಪೈಲಟ್ಟೇ ಇಲ್ಲ. ಹಾರ ಯಾರ ಕೊರಳಿಗೆ ಹಾಕ್ತೀರಿ, ಮೇಷ್ಟ್ರೇ?

ನಿಮ್ಮನ್ನೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಐಟಿಐ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಊರು ನಮ್ಮದು. ಹೋದ ತಿಂಗಳು ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಭಾಷಣಕ್ಕೆ ಹೋಗಿದ್ದೆ. ವರ್ಕ್‌ಶಾಪ್ ತೋರಿಸಿ ಅಂದೆ. ಲೇತುಗಳಿಗೆ ಹಳೇ ಫ್ಲೆಕ್ಸ್ ಹೊದಿಸಿದ್ದರು. ಎತ್ತಿ ನೋಡಿದರೆ ಅದೇ ವರ್ಕ್‌ಶಾಪಿನ ಉದ್ಘಾಟನೆಯದು. ಗಣ್ಯರ ಮುಖಕ್ಕೆ ಒಂದು ಚುಕ್ಕೆ ಗ್ರೀಸೂ ತಾಗಿರಲಿಲ್ಲ.

– ಸಂಪಾದಕ